ಬೆಲ್ ಅಂಡ್ ಬ್ರೈಡಲ್‌ನಲ್ಲಿ ಕಳೆದ ಕಾರಿನ ಕೀ

ಫೆಬ್ರವರಿ ಹತ್ತೊಂಬತ್ತರ ಮಧ್ಯಾಹ್ನ ಕೆಲ್ಬೆಕ್ ಠಾಣೆಗೆ ಬಂದ ಐವರ್ ಮ್ಯಾಥೆಸನ್ ಕೋಟನ್ನೂ ಬಿಚ್ಚದೆ ಕುಳಿತು ದೂರು ಕೊಟ್ಟ. ಎರಡು ದಿನದ ಹಿಂದೆ, ಗ್ಲಾಸ್ಗೋದ ಆಸ್ಪತ್ರೆಯಲ್ಲಿದ್ದ ತಾಯಿಯನ್ನು ನೋಡಲು ಹೊರಟವನು ರಾತ್ರಿ ಊಟಕ್ಕೆಂದು ಬೆಲ್ ಅಂಡ್ ಬ್ರೈಡಲ್‌ನಲ್ಲಿ ಇಳಿದಿದ್ದ. ಕುದುರೆಗಾಡಿಗಳ ಕಾಲದಿಂದಲೂ ಉತ್ತರಕ್ಕೆ ಹೋಗುವವರು ತಂಗುತ್ತಾ ಬಂದ ವಸತಿಗೃಹ ಅದು. ಊಟ ಮುಗಿಸಿ ಎದ್ದಾಗ, ಬಾಗಿಲ ಬಳಿ ತೂಗುಹಾಕಿದ್ದ ಕೋಟಿನಲ್ಲಿ ಕಾರಿನ ಕೀ ಇರಲಿಲ್ಲ. ಹೊರಗೆ ಹಿಮ. ಟ್ಯಾಕ್ಸಿ ಬರುವುದು ತಡವಾಯಿತು. ಅವನು ಆಸ್ಪತ್ರೆ ತಲುಪುವ ಮುಂಚೆ ತಾಯಿ ತೀರಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಥ್ರೆಲ್ಫಾಲ್ ಕೇಳಿದ: "ಕಾರು?"

"ಅಲ್ಲೇ ನಿಂತಿದೆ. ಯಾರೂ ಮುಟ್ಟಿಲ್ಲ."

"ಕುಡಿದಿದ್ರಾ?"

"ಶುಂಠಿ ಪಾನಕ. ಅಲ್ಲಿ ಅದನ್ನೂ ಬಿಯರಿನ ತವರದ ಮಗ್ಗಲ್ಲೇ ಕೊಡ್ತಾರೆ."

ಪ್ರಕರಣ ದಾಖಲಾಯಿತು. ಥ್ರೆಲ್ಫಾಲ್ ಕಾನ್‌ಸ್ಟೇಬಲ್ ಬ್ರೈಓನಿಯೊಡನೆ ಸ್ಥಳಕ್ಕೆ ಹೋದ. ಮಾಲೀಕ ಗಾರ್ತ್ ಪೊಲ್ಲಿಟ್ ಕೈಚೆಲ್ಲಿದ.

"ಕೀ ಕಳೆಯೋದು ಹೊಸದೇನಲ್ಲ ಇನ್ಸ್‌ಪೆಕ್ಟರೇ. ಬೆಳಿಗ್ಗೆ ಕೋಟಿನ ಗೂಟದ ಕೆಳಗೇ ಬಿದ್ದಿರುತ್ತೆ. ಕುಡಿದೋರು ಬೀಳಿಸ್ಕೊಂಡಿರ್ತಾರೆ ಅಂದ್ಕೊಂಡೆ."

"ಎಲ್ಲಾರೂ ಕುಡಿದೋರೇನಾ?"

"ಹೂಂ. ಕುಡಿದು, ಕಾರು ಓಡಿಸ್ಕೊಂಡು ಹೊರಡೋಕೆ ಎದ್ದೋರು."

ಬ್ರೈಓನಿ ಹಿಂದಿನ ಅತಿಥಿಗಳಿಗೆ ಫೋನ್ ಮಾಡಿದಳು. ಎಲ್ಲರದ್ದೂ ಅದೇ ಮಾತು: ಕೀ ಸಿಗದೆ ಅಲ್ಲೇ ಮಲಗಿದರು, ಬೆಳಿಗ್ಗೆ ಕೀ ಸಿಕ್ಕಿತು. ಅವರ ಕೋಟುಗಳನ್ನು ತೆಗೆದುಕೊಂಡು ಗೂಟಕ್ಕೆ ಹಾಕಿದ್ದು ಊಟ ಬಡಿಸುವ ಡಿಲಿಸ್ ಕಾರ್ಟ್‌ಮೆಲ್.

ಆ ಹೆಸರು ಥ್ರೆಲ್ಫಾಲ್‌ಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಇದೇ ವಸತಿಗೃಹದಲ್ಲಿ ಕುಡಿದು ಹೊರಟವನೊಬ್ಬ ಕೆಳಗಿನ ತಿರುವಿನಲ್ಲಿ ಸೈಕಲ್ಲಿಗೆ ಗುದ್ದಿದ್ದ. ಸತ್ತವನು ಡಿಲಿಸ್‌ಳ ಮಗ ಓವನ್. ಅಪಘಾತದ ಸುದ್ದಿ ಹೇಳಲು ಅವಳ ಮನೆಗೆ ಹೋದವನು ಥ್ರೆಲ್ಫಾಲನೇ.

ಡಿಲಿಸ್ ಅಡುಗೆಮನೆಯಲ್ಲಿ ಮಗ್ಗುಗಳನ್ನು ಒರೆಸುತ್ತಿದ್ದಳು. ಕೇಳಿದ ತಕ್ಷಣ ಏಪ್ರನ್ನಿನ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟಳು. ಪೊಲ್ಲಿಟ್‌ನ ಎದುರಿಗೇ ಬ್ರೈಓನಿ ಜಪ್ತಿ ಮಹಜರು ಬರೆದಳು.

"ಬೆಳಿಗ್ಗೆ ಕೊಡೋಣ ಅಂತಿದ್ದೆ," ಎಂದಳು ಡಿಲಿಸ್. "ಅಷ್ಟರಲ್ಲಿ ಟ್ಯಾಕ್ಸಿ ಹತ್ತಿ ಹೋಗ್ಬಿಟ್ಟಿದ್ರು. ಎರಡು ಮಗ್ ಖಾಲಿ ಮಾಡಿದ್ರು, ನಾನೇ ನೋಡಿದ್ದೀನಿ."

"ಅದರಲ್ಲಿ ಶುಂಠಿ ಪಾನಕ ಇತ್ತು, ಡಿಲಿಸ್."

ಮ್ಯಾಥೆಸನ್‌ನ ತಾಯಿಯ ವಿಷಯವನ್ನೂ ಥ್ರೆಲ್ಫಾಲ್ ಹೇಳಿದ. ಹೇಳದಿದ್ದರೆ ಅವಳು ಅದನ್ನು ನ್ಯಾಯಾಲಯದಲ್ಲಿ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಡಿಲಿಸ್ ಕುರ್ಚಿ ಹುಡುಕಿಕೊಂಡು ಕುಳಿತಳು. "ನಂಗೂ ಹಾಗೇ ಆಗಿತ್ತು," ಎಂದಳು. "ಆಸ್ಪತ್ರೆಗೆ ಹೋಗೋಷ್ಟರಲ್ಲಿ ಓವನ್ ಹೋಗ್ಬಿಟ್ಟಿದ್ದ."

ಸಂಜೆ ಅವಳನ್ನು ಬಂಧಿಸಲಾಯಿತು. ಒಬ್ಬ ಕುಡುಕನನ್ನಾದರೂ ಆ ತಿರುವಿಗೆ ಹೋಗದಂತೆ ತಡೆಯಬೇಕೆಂದಿತ್ತು, ಬೇರೇನೂ ಬೇಕಿರಲಿಲ್ಲ ಎಂದು ಹೇಳಿಕೆಯಲ್ಲಿ ಬರೆಸಿದಳು.

ಮರುದಿನ ಮ್ಯಾಥೆಸನ್ ಠಾಣೆಗೆ ಬಂದಾಗ ಥ್ರೆಲ್ಫಾಲ್ ನಡೆದದ್ದನ್ನೆಲ್ಲ ಹೇಳಿದ.

"ಹುಡುಗನಿಗೆ ಎಷ್ಟು ವಯಸ್ಸು?"

"ಹದಿನೇಳು."

ಮ್ಯಾಥೆಸನ್ ತಲೆಯಾಡಿಸಿದ. "ಪಾಪ ಅನ್ಸುತ್ತೆ. ಆದ್ರೆ ದೂರು ವಾಪಸ್ ತಗೊಳ್ಳೋಕೆ ನನ್ನಿಂದ ಆಗಲ್ಲ."

"ತಗೊಳ್ಳಿ ಅಂತ ನಾನು ಕೇಳ್ತಿಲ್ಲ," ಎಂದು ಥ್ರೆಲ್ಫಾಲ್ ಅವನನ್ನು ಬಾಗಿಲವರೆಗೆ ಕಳಿಸಿಬಂದ.