ಸುಳಿಗಣ್ಣನಿಗೆ ಸೇಸಿ ಹೇಳಿದ ಒಂದು ಮಾತು

ಬಹಳ ಹಿಂದೆ, ಕಡಲಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ, ಅಲೆಪಟ್ಟಣ ಎಂಬ ರಾಜ್ಯವಿತ್ತು. ಅಲ್ಲಿಯ ರಾಜನೇನು ಮಹಾಶೂರನಲ್ಲ, ಅವನ ಸುದ್ದಿ ಬಿಡಿ. ಆದರೆ ಒಂದು ಒಳ್ಳೆಯ ಕೆಲಸ ಮಾಡಿದ್ದ. ದಿನಾ ಬೆಳಗ್ಗೆ ಕೋಟೆಯ ಮೇಲಿಂದ ಕಡಲಿನ ಡಂಗುರ ಹೊಡೆಸುತ್ತಿದ್ದ. ಗಾಳಿ ಯಾವ ಕಡೆಯದು, ಅಲೆ ಎಷ್ಟೆತ್ತರ, ದೋಣಿ ಇಳಿಸಬಹುದೋ ಬೇಡವೋ, ಎಲ್ಲವನ್ನೂ ಡಂಗುರದವನು ಕೂಗಿ ಹೇಳುತ್ತಿದ್ದ.

ಆ ಊರಿನಲ್ಲಿ ಒಂದು ಕಟ್ಟುಪಾಡೂ ಇತ್ತು. ಕಡಲಿಗೆ ಹೊರಟವರು ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಬರ್ತೀನಿ’ ಅನ್ನಬೇಕು. ದಡದಲ್ಲಿದ್ದವರು ‘ಹೋಗಿ ಬಾ’ ಅನ್ನಬೇಕು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಲೇಬಾರದು. ಇದು ಕಡಲೇ ಹಾಕಿದ ಕಟ್ಟು. ನೀರಿನ ಮೇಲಿದ್ದ ಯಾರಿಗೂ, ಎಂಥವರಿಗೂ, ಇದರಿಂದ ವಿನಾಯಿತಿ ಇರಲಿಲ್ಲ.

ನಡುಗಡಲಿನಲ್ಲಿ ಸುಳಿಗಣ್ಣ ಎಂಬ ಮಾಂತ್ರಿಕನಿದ್ದ. ಬಿರುಗಾಳಿ ಗರಗರ ತಿರುಗುವಾಗ ಅದರ ನಟ್ಟನಡುವೆ ಗಾಳಿಯೇ ಇಲ್ಲದ ಒಂದು ಜಾಗ ಇರುತ್ತದಲ್ಲ, ಬಿರುಗಾಳಿಯ ಕಣ್ಣು, ಅದೇ ಅವನ ಮನೆ. ಅಲ್ಲಿ ಕೂತು ದಡದ ಮಾತಿಗೆ ಕಿವಿಗೊಡುತ್ತಿದ್ದ. ‘ಬಾ’ ಅನ್ನಿಸಿಕೊಳ್ಳದೆ ಹೊರಟವರೆಲ್ಲ ಅವನ ಪಾಲು.

ಈ ಊರಿನಲ್ಲಿ ಸೇಸಿ ಅಂತ ಒಬ್ಬಳಿದ್ದಳು. ಅವಳ ತಮ್ಮ ದೂಮ. ತಾಯಿ ತಂದೆ ಇಲ್ಲದ ಇಬ್ಬರನ್ನೂ ಅಕ್ಕು ಅಜ್ಜಿ ಸಾಕಿದ್ದಳು. ದೂಮನೋ, ಮೊಂಡ ಅಂದರೆ ಮೊಂಡ.

ಒಂದು ಬೆಳಗ್ಗೆ ಡಂಗುರ ಕೇಳಿಸಿತು. “ತೆಂಕಣ ಕಡಲು ಕೆಟ್ಟಿದೆ! ಗಾಳಿ ತಿರುಗುತ್ತಿದೆ! ಯಾರೂ ದೋಣಿ ಇಳಿಸಬೇಡಿ!”

ದೂಮ ಬಲೆ ಹೆಗಲಿಗೆ ಹಾಕಿಕೊಂಡ. “ಬಂಗುಡೆ ಮೀನಿನ ಹಿಂಡು ದಡದ ಹತ್ರ ಬಂದಿದೆ ಅಕ್ಕಾ.”

“ಡಂಗುರ ಕೇಳಲಿಲ್ವೇನೋ?”

“ಆ ಮನುಷ್ಯ ತನ್ನ ಮೂಗು ಸೋರಿದರೂ ಬಿರುಗಾಳಿ ಅಂತ ಕೂಗ್ತಾನೆ.”

“ನಿನ್ನ ಮೊಂಡಾಟ ನೋಡಿ ನೋಡಿ ನಂಗೆ ಸಾಕಾಗಿದೆ!”

“ಸಾಕಾಯ್ತಾ? ಹಾಗಾದ್ರೆ ನಾನು ಹೋಗ್ತೀನಿ!”

“ಹೋಗೋ, ಹಾಳಾಗಿ ಹೋಗು!” ಎಂದುಬಿಟ್ಟಳು ಸೇಸಿ.

ಅಯ್ಯೋ, ಸಿಟ್ಟಿನಲ್ಲಿ ಯಾರು ಅನ್ನುವುದಿಲ್ಲ ಹೇಳಿ? ದೋಣಿ ಅಲೆ ದಾಟಿದ ಮೇಲೆ, ತಾನು ‘ಬಾ’ ಅನ್ನಲೇ ಇಲ್ಲವೆಂದು ಅವಳಿಗೆ ಹೊಳೆಯಿತು. ನೀರಿಗೆ ಓಡಿ “ಹೋಗಿ ಬಾರೋ! ದೂಮಾ, ಹೋಗಿ ಬಾರೋ!” ಎಂದು ಕಿರುಚಿದಳು. ಗಾಳಿ ಆ ಮಾತನ್ನು ಅವಳ ಬಾಯಿಗೇ ತಿರುಗಿಸಿ ತುರುಕಿತು. ಆಕಾಶ ಕಪ್ಪಾಯಿತು. ದೂಮ ಬರಲಿಲ್ಲ.

ಹುಡುಕಲು ಊರಿನ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಸೇಸಿಯೇ ಹಳೆಯ ದೋಣಿ ಎಳೆದಳು. “ಅಜ್ಜೀ, ಬರ್ತೀನಿ” ಎಂದಳು. ಅಜ್ಜಿ ಬಿಡಿಸಿ ಬಿಡಿಸಿ ಹೇಳಿದಳು: “ಹೋಗಿ ಬಾ, ಮಗಾ.”

ಮೊದಲು ಎದ್ದದ್ದು ಒಂದು ಅಲೆ. ತೆಂಗಿನ ಮರವನ್ನು ಮೀರಿ ನಿಂತಿತು, ಅದರ ತುದಿಯಲ್ಲಿ ಬಾಯಿ ಇತ್ತು.

“ಹೆಣ್ಣೇ, ಹೊರಡುವಾಗ ಏನಂದೆ?”

“ಬರ್ತೀನಿ ಅಂದೆ.”

“ದಡದವರು ಏನಂದರು?”

“ಹೋಗಿ ಬಾ ಅಂದರು.”

ಅಲೆ ಗೊಣಗುತ್ತಾ ದೋಣಿಯ ಅಡಿಯಲ್ಲಿ ಹಾದುಹೋಯಿತು. ಸೇಸಿ ಹೆದರಿಕೆಗೆ ವಾಂತಿ ಮಾಡಿಕೊಂಡಳು.

ಆಮೇಲೆ ಬಂದದ್ದು ನೀರಿನ ಕಂಬ. ಮೋಡದಿಂದ ಕಡಲಿನವರೆಗೆ ಇಳಿಬಿದ್ದು ಬುಸುಗುಡುತ್ತಾ ಸುತ್ತುತ್ತಿತ್ತು. ಅದರೊಳಗೆ ಸತ್ತ ಮೀನು, ಮುರಿದ ಹುಟ್ಟು, ಒಂದು ನೀಲಿ ರುಮಾಲು. ಆ ರುಮಾಲು ದೂಮನದು, ಅಂಚು ಹೊಲಿದವಳು ಇವಳೇ.

“ಹೆಣ್ಣೇ, ಹೊರಡುವಾಗ ಏನಂದೆ?”

“ಬ... ಬರ್ತೀನಿ ಅಂದೆ.”

“ದಡದವರು ಏನಂದರು?”

“ಹೋಗಿ ಬಾ ಅಂದರು! ಅಂದರು!”

ಕಂಬ ಪಕ್ಕಕ್ಕೆ ಸರಿಯಿತು. ರುಮಾಲನ್ನು ಮಾತ್ರ ಕೊಡಲಿಲ್ಲ.

ಮೂರನೆಯದಾಗಿ ಏನೂ ಬರಲಿಲ್ಲ. ಅದೇ ಎಲ್ಲಕ್ಕಿಂತ ಭಯ. ಗಾಳಿ ನಿಂತಿತು, ಕಡಲು ಎಣ್ಣೆಯ ಹಾಗೆ ಮಲಗಿತು, ಹುಟ್ಟು ಹಾಕಿದರೂ ಸದ್ದಿಲ್ಲ. ಆಗ ಬೆನ್ನ ಹಿಂದೆ, ದೋಣಿಯೊಳಗೇ, ಅಜ್ಜಿಯ ದನಿ ಕೇಳಿಸಿತು.

“ಸೇಸೀ, ಎಲ್ಲಿಗೆ ಹೊರಟೆ ಮಗಾ?”

‘ತಮ್ಮನ ಹತ್ರ ಹೋಗ್ತೀನಿ ಅಜ್ಜೀ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಥಟ್ಟನೆ ನೆನಪಾಯಿತು. ಅಕ್ಕು ಅಜ್ಜಿ ತನ್ನ ಜನ್ಮದಲ್ಲಿ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದವಳಲ್ಲ! ಸೇಸಿ ನಾಲಿಗೆ ಕಚ್ಚಿಕೊಂಡಳು, ರಕ್ತ ಬಂತು. ಹಿಂದೆ ಯಾರೋ ಉಸಿರಾಡುತ್ತಲೇ ಇದ್ದರು. ಅವಳು ತಿರುಗಿ ನೋಡದೆ ಹುಟ್ಟು ಹಾಕಿದಳು.

ಹಾಗೆ ಬಿರುಗಾಳಿಯ ಕಣ್ಣಿನೊಳಗೆ ಬಂದಳು. ಸುತ್ತಲೂ ಮೋಡದ ಗೋಡೆ, ನಡುವೆ ತಣ್ಣನೆಯ ಬಿಸಿಲು, ದಡ ಕಾಣದ ಹಕ್ಕಿಗಳು ಸುತ್ತಿ ಸುತ್ತಿ ನೀರಿಗೆ ಬೀಳುತ್ತಿದ್ದವು. ಕಾಣೆಯಾದವರೆಲ್ಲ ದೋಣಿಗಳಲ್ಲಿ ಕೂತಿದ್ದರು. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ. ದೂಮನೂ ಅಲ್ಲಿದ್ದ. ಅವಳು ಕೆನ್ನೆ ಹಿಡಿದು ಅಲುಗಿಸಿದರೂ ಗುರುತು ಹಿಡಿಯಲಿಲ್ಲ.

“ಅವನು ನನ್ನವನು” ಎಂದ ಸುಳಿಗಣ್ಣ. ಅವನ ಕಣ್ಣುಗಳ ಜಾಗದಲ್ಲಿ ಎರಡು ಸುಳಿಗಳು ತಿರುಗುತ್ತಿದ್ದವು. “ನೀನೇ ಅಲ್ಲವೇ ಹೋಗು ಅಂದದ್ದು?”

“ತಪ್ಪಾಯ್ತು. ಈಗ ಬಾ ಅಂತೀನಿ. ಬಾರೋ ದೂಮಾ!”

“ಇಲ್ಲಿ ನಿಂತು ಸಾವಿರ ಸಲ ಅನ್ನು. ದಡದಲ್ಲಿ ಅನ್ನದ ಮಾತು ಇಲ್ಲಿ ನಡೆಯುವುದಿಲ್ಲ. ನಿನಗೆ ಬಾ ಅಂದವರಿದ್ದಾರೆ, ನಿನ್ನನ್ನು ಇಟ್ಟುಕೊಳ್ಳಲಾರೆ. ತೊಲಗು.”

“ಇವನನ್ನು ಬಿಟ್ಟು ನಾನು ಏಳಲ್ಲ.” ಸೇಸಿ ತಮ್ಮನ ತಣ್ಣಗಿನ ಕೈ ಹಿಡಿದು ಅಲ್ಲೇ ಕೂತಳು.

ಸುಳಿಗಣ್ಣನ ಸಿಟ್ಟು ನೆತ್ತಿಗೇರಿತು. ಅವನ ಮನೆಯಲ್ಲಿ ಹೀಗೆ ಯಾರೂ ಹಟ ಹಿಡಿದು ಕೂತಿರಲಿಲ್ಲ. “ನಿನಗೆ ಬಾ ಅಂದ ಆ ಮುದುಕಿಯ ಬಾಯಿಯನ್ನೇ ಮುಚ್ಚಿಸಿದರೆ? ಆಮೇಲೆ ನೀನೂ ನನ್ನವಳೇ! ಈಗಲೇ ಅವಳ ಗುಡಿಸಲಿಗೆ ಹೋಗ್ತೀನಿ. ನೋಡ್ತಿರು, ಹೋಗ್ತೀನಿ!”

ಬೇಡ, ಕಾಲಿಗೆ ಬೀಳ್ತೀನಿ ಅನ್ನಲು ಸೇಸಿ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಏನಂದ ಎಂಬುದು ಅವಳ ಕಿವಿಗೆ ತಟ್ಟಿತು. ದೂಮ ಅಂದದ್ದೂ ಅದೇ ಮಾತು, ಅದೇ ಸಿಟ್ಟಿನಲ್ಲಿ. ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು:

“ಹೋಗು.”

ಸುಳಿಗಣ್ಣ ಮೋಡದ ಗೋಡೆ ದಾಟಿ ನುಗ್ಗಿದ. ಆಮೇಲೆ ಅವನಿಗೂ ಹೊಳೆಯಿತು. ತಿರುಗಿದ, ಗೋಡೆ ದಾರಿ ಬಿಡಲಿಲ್ಲ. “ಏ ಹೆಣ್ಣೇ! ಬಾ ಅನ್ನೇ! ಒಂದೇ ಒಂದು ಸಲ ಬಾ ಅನ್ನೇ!” ಎಂದು ಹೊರಗಿನಿಂದ ಗೋಗರೆದ. ಸೇಸಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಕೂರುವವನಿಲ್ಲದ ಕಣ್ಣು ಮುಚ್ಚಿಹೋಯಿತು. ಮೋಡ ಹರಿದು ನಿಜವಾದ ಬಿಸಿಲು ಬಿತ್ತು. ದೋಣಿಗಳಲ್ಲಿದ್ದವರು ಒಬ್ಬೊಬ್ಬರಾಗಿ ಕೆಮ್ಮಿದರು, ಅತ್ತರು, ಮನೆಯವರ ಹೆಸರು ಹಿಡಿದು ಕೂಗಿದರು. ದೂಮ ಕಣ್ಣುಜ್ಜಿಕೊಂಡು, “ಅಕ್ಕಾ, ಹಸಿವಾಗ್ತಿದೆ” ಎಂದ. ಸೇಸಿ ಅವನ ಬೆನ್ನಿಗೆ ಒಂದು ಗುದ್ದಿ, ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಸುಳಿಗಣ್ಣ ಅಕ್ಕು ಅಜ್ಜಿಯ ಗುಡಿಸಲು ಮುಟ್ಟಿದ, ಇಲ್ಲವೆಂದಲ್ಲ. ಆದರೆ ದಡ ಸೇರುವಷ್ಟರಲ್ಲಿ ಅವನ ಬಲವೆಲ್ಲ ಸೋರಿ ಹೋಗಿ, ಒಂದು ಸಣ್ಣ ಗಾಳಿ ಉಳಿದಿತ್ತು. ಅಜ್ಜಿ ಅದರಲ್ಲಿ ಮೀನು ಒಣಗಿಸಿಕೊಂಡಳು.

ಅಂದಿನಿಂದ ಅಲೆಪಟ್ಟಣದಲ್ಲಿ ಹೊರಟವರು ಮನೆಗೆ ಬಂದರು, ಕಾದವರು ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದರು. ದೂಮನ ಮೊಂಡಾಟ ಮಾತ್ರ ಹಾಗೇ ಇತ್ತು. ಅವನು ಬಲೆ ಎತ್ತಿದಾಗೆಲ್ಲ ಸೇಸಿ ಮೊದಲು ಬಾಯಿ ತುಂಬ ಬೈಯುತ್ತಿದ್ದಳು. ಬೈದು ಮುಗಿಸಿ, ಅವನ ಹಿಂದೆ ಮೊಣಕಾಲು ನೀರಿನವರೆಗೂ ಓಡಿ, ಅವನಿಗೆ ಕೇಳಿಸಿತು ಎಂದು ಖಾತ್ರಿಯಾಗುವ ತನಕ ಕೂಗುತ್ತಿದ್ದಳು: “ಹೋಗಿ ಬಾರೋ!”