ಯುಗಾದಿಯಂದು ಬಿತ್ತಿದ ಅವರೆ

ಬೀಜವೇ ಸತ್ತಿತ್ತೇ... ಅಥವಾ ತಾನೇ ಏನೋ ತಪ್ಪು ಮಾಡಿದ್ದೇ? ಐದು ವಾರ! ಮೈಸೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬಳ್ಳಿ ಕೋಲು ಹಿಡಿದಿರುತ್ತಿತ್ತು...

ನ್ಯೂಜೆರ್ಸಿಯ ಸಮರ್‌ಸೆಟ್‌ನ ಕಮ್ಯುನಿಟಿ ಗಾರ್ಡನ್ನಿನ ಗೇಟು ತಳ್ಳುವಾಗ ಹಂಸಿನಿಯ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಬರುವ ಶನಿವಾರ ತಪಾಸಣೆ. ಏನೂ ಬೆಳೆಯದ ಪ್ಲಾಟು ಬೇರೆಯವರ ಪಾಲಾಗುತ್ತದೆ. ಎರಡು ವರ್ಷ ಕಾದ ಮೇಲೆ ಸಿಕ್ಕ ಹತ್ತಡಿ ಮಣ್ಣು! ಪ್ರಿನ್ಸ್‌ಟನ್ನಿನ ಆಫೀಸಿನಲ್ಲೂ ಬಾಡಿಗೆ ಮನೆಯಲ್ಲೂ ಸಿಗದ ನೆಮ್ಮದಿ ಅವಳಿಗೆ ಇಲ್ಲಿ ಸಿಗುತ್ತಿತ್ತು.

ಅಲ್ಲಿ ನೋಡಿದರೆ, ಅವಳ ಪಾತಿಯಲ್ಲೇ ಯಾರೋ ಮಂಡಿಯೂರಿ ಮಣ್ಣು ಕೆದಕುತ್ತಿದ್ದರು!

ಪಕ್ಕದ ಪ್ಲಾಟಿನ ಆಕರ್ಷ್. ಹತ್ತಿರದ ಎಡಿಸನ್ನಿನಲ್ಲೇ ಹುಟ್ಟಿ ಬೆಳೆದು, ಈಗಲೂ ಅಲ್ಲೇ ಅಮ್ಮನ ಜೊತೆ ಇರುವವನು. ಮಾರ್ಚ್‌ನಿಂದ ಪ್ರತಿ ಶನಿವಾರ ನೀರಿನ ಪೈಪನ್ನು ಮೊದಲು ಅವಳಿಗೇ ಕೊಡುತ್ತಿದ್ದ. ಮಾತು ಮಾತ್ರ ಇಲ್ಲ. ಈ ಮನುಷ್ಯ ಮನೆಯಲ್ಲಾದರೂ ಮಾತಾಡುತ್ತಾನೋ ಇಲ್ಲವೋ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು.

"ಏನ್ ಮಾಡ್ತಿದ್ದೀರಾ ಇಲ್ಲಿ?"

ಅವನು ಅಂಗೈ ಬಿಡಿಸಿದ. ಲೋಳೆಯಾದ ನಾಲ್ಕು ಅವರೆಕಾಳು.

"ಸಾರಿ, ಕೇಳ್ಬೇಕಿತ್ತು. ಕೊಳೆತಿದೆ. ಸಾಯಿಲ್ ಇನ್ನೂ ಕೋಲ್ಡ್ ಇದೆ. ಯಾವಾಗ ಹಾಕಿದ್ರಿ?"

"ಯುಗಾದಿ ದಿನ! ಒಳ್ಳೇ ಮುಹೂರ್ತ ನೋಡಿ."

"ನ್ಯೂಜೆರ್ಸಿ ಮಣ್ಣು ಪಂಚಾಂಗ ಓದಲ್ಲ..."

ಅವಳಿಗೆ ನಗು ಬರಲಿಲ್ಲ, ಉರಿ ಬಂತು. "ಹೀಗೆ ಕೆದಕಿದ್ರೆ ಮೊಳಕೆ ಬರುತ್ತಾ? ನೀವೇ ಹಾಳು ಮಾಡಿದ್ದು!"

ಅವನು ಕೈ ಒರೆಸಿಕೊಂಡು ಎದ್ದು ಹೋದ.

ಮುಂದಿನ ಶನಿವಾರ ಹಂಸಿನಿ ಗೇಟಿನಲ್ಲೇ ನಿಂತುಬಿಟ್ಟಳು. ಅವಳ ಪಾತಿಯ ತುಂಬ ಹಸಿರು!

"ಆಂಟೀ, ನೋಡಿ! ಯುಗಾದಿ ಬೀಜ ಬಂದೇಬಿಡ್ತು!"

ಎದುರು ಪ್ಲಾಟಿನಲ್ಲಿ ಮೆಂತ್ಯ ಕೀಳುತ್ತಿದ್ದ ರಾಜಿ ಆಂಟಿ ಕನ್ನಡಕ ಸರಿಮಾಡಿಕೊಂಡರು. "ವಾರದಲ್ಲಿ ಗೇಣುದ್ದಾನಾ? ಹಾರ್ಲಿಕ್ಸ್ ಏನಾದ್ರೂ ಕುಡಿಸಿದ್ಯೇನೇ?"

ಹೌದಲ್ಲ... ತಾನು ಎರಚಿ ಬಿತ್ತಿದ್ದು, ಇವು ದಾರ ಹಿಡಿದಂತೆ ಸಾಲಾಗಿ ನಿಂತಿವೆ. ಹೇಗೆ?

ಬಗ್ಗಿ ಒಂದು ಗಿಡದ ಬುಡ ಬಿಡಿಸಿದಳು. ಬೇರಿನ ಸುತ್ತ ಇನ್ನೂ ಕರಗದ ನ್ಯೂಸ್‌ಪೇಪರಿನ ಕುಡಿಕೆ. ಯಾರೋ ಮನೆಯೊಳಗೆ, ಕಿಟಕಿ ಬಿಸಿಲಿನಲ್ಲಿ ಬೆಳೆಸಿ ತಂದ ಸಸಿ!

ತಲೆಯೆತ್ತಿದಳು. ಪಕ್ಕದ ಪ್ಲಾಟಿನಲ್ಲಿ ಆಕರ್ಷ್ ಬಿದಿರಿನ ಚಪ್ಪರ ಬಿಗಿಯುತ್ತಿದ್ದ. ಅದರ ಕೆಳಗೆ ಬರೀ ಮಣ್ಣು, ಪಕ್ಕದಲ್ಲಿ ಸಸಿ ತಂದ ಖಾಲಿ ಟ್ರೇ.

ಇವನನ್ನೇ ಅಲ್ಲವೇ ಬೈದದ್ದು!

ಅಷ್ಟರಲ್ಲಿ ಗಾರ್ಡನ್ ನೋಡಿಕೊಳ್ಳುವ ಟೋನಿ ಪಟ್ಟಿ ಹಿಡಿದು ಬಂದ. ಅವಳ ಸಾಲು ನೋಡಿ "ನೈಸ್ ಬೀನ್ಸ್!" ಎಂದು ಗುರುತು ಹಾಕಿ ಮುಂದೆ ನಡೆದ. ಪ್ಲಾಟು ಉಳಿಯಿತು.

ಹಂಸಿನಿ ಆರು ಸಸಿಗಳನ್ನು ಮಣ್ಣಿನ ಸಮೇತ ಎತ್ತಿಕೊಂಡು ಅವನ ಚಪ್ಪರದ ಕೆಳಗೆ ಕೂತಳು.

"ಎಲ್ಲಾನೂ ನನಗೇ ಕೊಟ್ಟುಬಿಟ್ರೆ? ಮನೇಲಿ ಅಮ್ಮ ಕೇಳಲ್ವಾ?"

"ಕೇಳಿದ್ರು. ಮೊಲ ತಿಂತು ಅಂದೆ."

"ಸುಳ್ಳುಗಾರ! ನಾನೇನಾ ಮೊಲ?"

ಅವನ ಕಿವಿ ಕೆಂಪಾಯಿತು. ಇಬ್ಬರೂ ಸಸಿ ನೆಟ್ಟರು. ಆರನೆಯದರ ಬುಡ ಒತ್ತುವಾಗ ಅವಳ ಬೆರಳಿಗೆ ಅವನ ಬೆರಳು ತಾಗಿತು. ಯಾರೂ ಹಿಂದೆಳೆದುಕೊಳ್ಳಲಿಲ್ಲ.

"ನನಗೆ ನೀನಂದ್ರೆ ಇಷ್ಟ, ಆಕರ್ಷ್." ಹೇಳಿಬಿಟ್ಟು ಅವಳು ಗಡಿಬಿಡಿಯಲ್ಲಿ ಮತ್ತೆ ಸಸಿಯ ಬುಡ ಒತ್ತಿದಳು. "ಸೆಪ್ಟೆಂಬರಲ್ಲಿ ಕಾಯಿ ಬಿಟ್ರೆ ಹುಳಿ ಮಾಡ್ತೀನಿ. ಬರ್ತೀಯಾ?"

ಅವನು ಕೈಯ ಮಣ್ಣು ಕೊಡವಿದ.

"ಅಲ್ಲೀವರೆಗೂ ಕಾಯ್ಬೇಕಾ? ಇವತ್ತು ಕಾಫಿ?"

ಪ್ರೀತಿಸುತ್ತೇನೆ ಎಂದು ಆಕರ್ಷ್ ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ; ಪ್ರತಿ ವಸಂತದಲ್ಲೂ ಅವಳಿಗೆಂದು ಕಿಟಕಿಯಲ್ಲಿ ಸಸಿ ಬೆಳೆಸಿದ.