ಮುಖ ಬೇಡ, ಕೈ ಸಾಕು

ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಅವನು ಆಸ್ಪತ್ರೆಯ ಬೇಸ್‌ಮೆಂಟಿಗೆ ಇಳಿದು ಬಂದಾಗ, ಡ್ರೈಯರ್ ರಿಪೇರಿಯವನು ಅಂತೂ ಬಂದನಲ್ಲ ಎಂದುಕೊಂಡೆ.

"ಮೂರು ದಿನದಿಂದ ಫೋನ್ ಮಾಡ್ತಿದ್ದೀವಿ. ಈಗ ಪುರುಸೊತ್ತಾಯ್ತಾ?" ಎಂದು ದಬಾಯಿಸಿದೆ. "ಅಗೋ, ಕೊನೆಯದು. ಬಿಸಿನೇ ಆಗ್ತಿಲ್ಲ."

ಅವನು ತೆಪ್ಪಗೆ ಹೋಗಿ ಡ್ರೈಯರಿನ ಬಾಗಿಲು ತೆಗೆದ. ಒಳಗೆ ತಲೆ ಹಾಕಿ ನೋಡಿ ವಾಪಸು ಬಂದ.

"ಕ್ಷಮಿಸಿ. ನನಗೆ ಫೋಟೋ ತೆಗೆಯೋದು ಬಿಟ್ಟು ಬೇರೇನೂ ಬರಲ್ಲ."

"ಮತ್ತೆ ತಲೆ ಯಾಕೆ ಹಾಕಿದ್ರಿ?"

"ನೀವು ಕೇಳಿದ ರೀತಿಗೆ, ನಾನಲ್ಲ ಅನ್ನೋಕೆ ಧೈರ್ಯ ಬರಲಿಲ್ಲ."

ಲಾಂಡ್ರಿಯ ಹೆಂಗಸರೆಲ್ಲ ಗೊಳ್ಳೆಂದರು. ಅವನ ಕಿವಿ ಕೆಂಪಾಯಿತು. ನನಗೂ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯನ್ನು ನಡೆಸುವ, ಆದರೆ ಯಾರ ಕಣ್ಣಿಗೂ ಬೀಳದ ಜನರ ಫೋಟೋ ತೆಗೆದು ಮೇಲಿನ ದೊಡ್ಡ ಹಾಲ್‌ನಲ್ಲಿ ಪ್ರದರ್ಶನ ಮಾಡಲು ಬಂದವನು ಅವನು. ಬಾಯ್ಲರಿನವರು, ಶವಾಗಾರದವರು, ಪಾತ್ರೆ ತೊಳೆಯುವವರು ಮುಗಿದಿದ್ದರು. ಈಗ ನಮ್ಮ ಸರದಿ. ಒಗೆಯುವವರು, ಇಸ್ತ್ರಿಯವರು, ಮಡಿಸುವವರು; ಮೂಲೆಯ ಹೊಲಿಗೆ ಮಿಷನ್ನಿನಲ್ಲಿ ಹರಿದ ಬೆಡ್‌ಶೀಟ್ ಹೊಲಿಯುವವಳು ನಾನು.

"ನನ್ನ ಮುಖ ಬೇಡ. ಕೈ ಸಾಕು," ಎಂದೆ.

ಯಾಕೆಂದು ಅವನು ಕೇಳಲಿಲ್ಲ. "ಆಯ್ತು. ಮಾತು ಕೊಡ್ತೀನಿ," ಎಂದ.

ಎರಡು ವಾರ ದಿನಾ ಬಂದ. ಕ್ಯಾಮೆರಾ ಕಣ್ಣಿಗಿದ್ದಾಗ ನನ್ನ ಬೆರಳುಗಳನ್ನು ಗಂಟೆಗಟ್ಟಲೆ ನೋಡುವವನು, ಅದನ್ನು ಕೆಳಗಿಳಿಸಿದ ಕೂಡಲೇ ಗೋಡೆ ನೋಡುತ್ತಿದ್ದ, ಪೈಪು ನೋಡುತ್ತಿದ್ದ, ಇಲ್ಲದ ಗಡಿಯಾರ ಹುಡುಕುತ್ತಿದ್ದ.

"ಏನ್ರೀ, ಕ್ಯಾಮೆರಾ ಇಲ್ದೇ ಇದ್ರೆ ನಿಮಗೆ ಕಣ್ಣು ಕಾಣಲ್ವಾ?"

"ಕಾಣುತ್ತೆ. ಅದೇ ತೊಂದರೆ," ಎಂದು ನೆಲಕ್ಕೆ ಹೇಳಿದ.

ಆ ದಿನ ನನ್ನ ಹೊಲಿಗೆ ಒಂದೂ ನೆಟ್ಟಗೆ ಬರಲಿಲ್ಲ. ಉಸಿರುಗಟ್ಟಿಸುವ ಹಬೆಯಲ್ಲಿ ಬೆವರುತ್ತ ಕೂತವಳಿಗೆ ಮೈಯೆಲ್ಲ ತಂಗಾಳಿ.

ಕೊನೆಯ ದಿನ ನಾನೇ ಬಾಯಿಬಿಟ್ಟೆ. ನಾನು ನರ್ಸಿಂಗ್ ಓದುತ್ತಿದ್ದೆ. ಎರಡನೇ ವರ್ಷ ಅಮ್ಮ ಹಾಸಿಗೆ ಹಿಡಿದಳು. ನೋಡಿಕೊಳ್ಳಲೆಂದು ಬಿಟ್ಟ ಕೋರ್ಸಿಗೆ ಅವಳು ಹೋದ ಮೇಲೂ ಮರಳಲಾಗಲಿಲ್ಲ. ಲಾರಿ ಓಡಿಸುತ್ತ ಊರೂರು ಅಲೆಯುತ್ತಿದ್ದ ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಆಮೇಲೆ ಸೊಂಟಕ್ಕೆ ಪೆಟ್ಟಾಗಿ ಅಪ್ಪ ಮನೆಯಲ್ಲೇ ಉಳಿದ. ಅಷ್ಟರಲ್ಲಿ "ನನ್ನ ಮಗಳು ನರ್ಸು" ಎಂದು ನಮ್ಮ ವಠಾರಕ್ಕೆಲ್ಲ ಸಾರಿಯಾಗಿತ್ತು. ನಾನು ದಿನಾ ಕೆಲಸದ ಬಟ್ಟೆ ಬದಲಿಸಿ, ಕೈ ಮೂಸಿ ನೋಡಿಕೊಂಡು ಮನೆಗೆ ಹೋಗುತ್ತಿದ್ದೆ. ನಾಲ್ಕು ವರ್ಷದಿಂದ.

ಅವನು ಹೊರಡುವಾಗ ಮೊದಲ ಸಲ ಕ್ಯಾಮೆರಾ ಇಲ್ಲದೆ ನನ್ನ ಮುಖ ನೋಡಿದ.

ಪ್ರದರ್ಶನದ ಬೆಳಿಗ್ಗೆ ನಾವೆಲ್ಲ ತಲೆ ಬಾಚಿಕೊಂಡು, ಸಂಬಂಧಿಕರ ಮನೆಗೆ ಹೊರಟವರ ಹಾಗೆ ಲಿಫ್ಟಿನಲ್ಲಿ ಮೇಲೆ ಹೋದೆವು. ಬಾಯ್ಲರಿನ ಮುದುಕ ತನ್ನ ಫೋಟೋದ ಮುಂದೆ ಎದೆ ಸೆಟೆಸಿ ನಿಂತಿದ್ದ. ಇಸ್ತ್ರಿಯ ಅಕ್ಕ ತನ್ನದನ್ನು ನೋಡಿ ಕಣ್ಣೊರೆಸಿಕೊಂಡಳು.

ಹಾಲ್‌ನ ನಟ್ಟನಡುವೆ ನಾನಿದ್ದೆ. ಆಳೆತ್ತರಕ್ಕೆ. ಹಲ್ಲಿನ ನಡುವೆ ದಾರ ಕಚ್ಚಿಕೊಂಡು, ಯಾರ ಮಾತಿಗೋ ನಗುತ್ತ.

ನಾನು ಅಷ್ಟು ಚೆನ್ನಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅದು ತಿಳಿದ ಕ್ಷಣವೇ ಅಪ್ಪ ನೆನಪಾಗಿ, ಫೋಟೋದವನ ಬಳಿಗೆ ನೇರ ನಡೆದೆ.

"ಮಾತು ಕೊಟ್ಟಿದ್ರಿ."

"ಹೌದು. ಆದ್ರೆ ಇಡೀ ಪ್ರದರ್ಶನದಲ್ಲಿ ಇದರಷ್ಟು ಜೀವ ಇರೋದು ಇನ್ನೊಂದಿಲ್ಲ. ನೀವ್ಯಾಕೆ ಬಚ್ಚಿಟ್ಟುಕೊಳ್ಳಬೇಕು? ನಿಮ್ಮ ಕೆಲಸದಲ್ಲಿ ನಾಚಿಕೆ ಪಡೋಕೆ ಏನಿದೆ?"

"ನಾಚಿಕೆ ನನ್ನದು. ಯಾವಾಗ ಬಿಡಬೇಕು ಅಂತ ನಾನು ನೋಡ್ಕೋತೀನಿ. ನೀವ್ಯಾರು?"

ಅವನ ಮುಖ ಬಿಳಿಚಿತು. ಕುರ್ಚಿ ಎಳೆದು, ಹತ್ತಿ, ಎಲ್ಲರೆದುರು ಫೋಟೋ ಇಳಿಸಿದ. ಆದರೆ ಆಸ್ಪತ್ರೆಗೆ ಬಂದಿದ್ದ ನಮ್ಮ ವಠಾರದ ಯಾರೋ ಅಷ್ಟರಲ್ಲೇ ಮೊಬೈಲಿನಲ್ಲಿ ಹಿಡಿದಾಗಿತ್ತು.

ಸಂಜೆ ಮನೆಗೆ ಹೋದಾಗ ಅಪ್ಪ ದೀಪ ಹಾಕದೆ ಕೂತಿದ್ದ.

"ಬಟ್ಟೆ ಹೊಲೀತೀಯಂತೆ."

"ಅಪ್ಪಾ..."

"ಹೊಲಿ. ನಾನೇನು ಲಾಯರ್ರಾ? ಲಾರಿ ಓಡಿಸಿದವನು. ಅದಲ್ಲ ಕಣಮ್ಮ. ಪಕ್ಕದ ಮನೆ ಅಜ್ಜಿಯ ಬಿಪಿ ನೋಡಿದ್ದು ಯಾರು? ಕೊನೇ ಮನೆ ಮಗುವಿಗೆ ಯಾವ ಮಾತ್ರೆ ಅಂತ ಹೇಳಿದ್ದು ಯಾರು? ನಾನೇ ಕಳಿಸ್ತಿದ್ದೆ, 'ನಮ್ಮ ಹುಡುಗಿ ಇದ್ದಾಳೆ, ತೋರಿಸಿ' ಅಂತ. ಅರ್ಧ ಓದಿದವಳು ನೀನು. ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

ನನ್ನ ಸುಳ್ಳು ಯಾರನ್ನೂ ನೋಯಿಸದ ಸುಳ್ಳೆಂದೇ ನಾಲ್ಕು ವರ್ಷ ನಂಬಿದ್ದೆ. ಅಪ್ಪ ಐದು ದಿನ ನನ್ನೊಂದಿಗೆ ಮಾತು ಬಿಟ್ಟ. ತಟ್ಟೆಯ ಸದ್ದು, ನಲ್ಲಿಯ ಸದ್ದು, ಅಷ್ಟೇ.

ಆರನೆಯ ದಿನ ಭಾನುವಾರ. ಬಾಗಿಲು ತೆಗೆದರೆ ಅವನು. ಹೆಗಲ ಮೇಲೆ ಚೀಲವಿಲ್ಲದೆ ಒಂದು ಕಡೆಗೆ ವಾಲಿದವನ ಹಾಗೆ ಕಾಣುತ್ತಿದ್ದ.

"ನಿಮ್ಮ ತಂದೆ ಹತ್ರ ಮಾತಾಡಬೇಕು."

ಅಪ್ಪ ಗೋಡೆ ಹಿಡಿದುಕೊಂಡು ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದ. "ನೀನೇನಾ?"

"ಹೌದು. ಅವರು ಬೇಡ ಅಂದಿದ್ರು. ನಾನೇ ಹಾಕಿದ್ದು. ತಪ್ಪು ನನ್ನದು."

"ಅವಳ ಸುಳ್ಳಿನ ವಿಷಯ ಅವಳ ಹತ್ರ ಇತ್ಯರ್ಥ ಮಾಡ್ಕೋತೀನಿ. ಕೊಟ್ಟ ಮಾತು ಯಾಕೆ ಮುರಿದೆ? ಅದನ್ನ ಹೇಳು."

ಅವನು ತಡವರಿಸಿದ. "ಯಾರ ಕಣ್ಣಿಗೂ ಬೀಳದವರನ್ನ ತೋರಿಸ್ತೀನಿ ಅಂತ ನನಗೆ ಜಂಬ ಇತ್ತು. ಇವರಿಗೆ ಏನು ಬೇಕು ಅನ್ನೋದು ನನ್ನ ಕಣ್ಣಿಗೇ ಬೀಳಲಿಲ್ಲ."

ಅಪ್ಪ ಕುರ್ಚಿ ತೋರಿಸಿ, "ಕೂತ್ಕೋ," ಎಂದ. ಆಮೇಲೆ ನನ್ನ ಕಡೆ ತಿರುಗಿ, ಐದು ದಿನದಲ್ಲಿ ಮೊದಲ ಮಾತು: "ಮನೆಮನೆಗೆ ಹೋಗಿ ನೀನೇ ಹೇಳಿ ಬಾ. ಆಮೇಲೆ ಊಟ ಮಾಡೋಣ."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಮೆಟ್ಟಿಲ ತನಕ ಅವನು ಹಿಂದೆ ಬಂದ.

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ," ಎಂದ. "ಇದನ್ನ ಹೇಳೋಕೆ ಇದಕ್ಕಿಂತ ಕೆಟ್ಟ ಹೊತ್ತು ಸಿಗಲ್ಲ, ಗೊತ್ತು."

"ನನಗೂ ಇಷ್ಟ. ಅದಕ್ಕೇ ಇಷ್ಟು ಉರೀತಿದೆ," ಎಂದೆ. "ನೀವಲ್ಲದೆ ಬೇರೆಯವರು ಹಾಕಿದ್ರೆ ಬೈದು ಮರೆತುಬಿಡ್ತಿದ್ದೆ."

"ಜೊತೆಗೆ ಬರಲಾ?"

"ಬೇಡ."

ಪಕ್ಕದ ಮನೆ ಅಜ್ಜಿ ನನ್ನನ್ನು ನೋಡಿದ್ದೇ ತೋಳು ಚಾಚಿದರು, ಬಿಪಿ ನೋಡಲು ಬಂದೆನೆಂದು. ಅವರಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಆ ತೋಳು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ನಿಧಾನಕ್ಕೆ ತೋಳು ಹಿಂದೆ ಎಳೆದುಕೊಂಡು, "ನಿನ್ನನ್ನ ನಂಬಿದ್ದೆ ಕಣೇ," ಎಂದಷ್ಟೇ ಅಂದರು. ಅಲ್ಲಿಂದ ನೇರ ವಠಾರದ ಕೊನೆಯ ಮನೆಗೆ ಹೋದರೆ, ಮಗುವಿನ ತಾಯಿ ನಾನು ಮಾತು ಮುಗಿಸುವ ಮೊದಲೇ ಮುಖದ ಮೇಲೆ ಬಾಗಿಲು ಹಾಕಿದಳು.

ವಾಪಸು ಬಂದು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಅವನು ಅಲ್ಲೇ ಇದ್ದ. ಸಮಾಧಾನ ಹೇಳಲಿಲ್ಲ, ಮುಟ್ಟಲಿಲ್ಲ. ಒಂದು ಮೆಟ್ಟಿಲು ಕೆಳಗೆ ಕೂತು ಅಳು ನಿಲ್ಲುವವರೆಗೆ ಕಾದ.

"ಎಷ್ಟು ಮನೆ ಆಯ್ತು?"

"ಎರಡು. ಇನ್ನೂ ನಾಲ್ಕಿವೆ."

ಜೊತೆಗೆ ಬರಲಾ ಎಂದು ಅವನು ಮತ್ತೆ ಕೇಳಲಿಲ್ಲ. ಕೇಳಬಾರದೆಂದು ತುಟಿ ಕಚ್ಚಿಕೊಂಡಿದ್ದು ಕಾಣುತ್ತಿತ್ತು. ನಾನು ಎದ್ದು, ಮುಖ ಒರೆಸಿಕೊಂಡು, ಮೂರನೆಯ ಮನೆಯ ಕಡೆ ನಾಲ್ಕು ಹೆಜ್ಜೆ ನಡೆದು ನಿಂತೆ. ಅಲ್ಲಿಯವರೆಗೂ ಅವನನ್ನು ಬಹುವಚನದಲ್ಲೇ ಕರೆದವಳು, ತಿರುಗಿ ನೋಡಿ ಕೈ ಚಾಚಿದೆ.

"ಬಾ," ಎಂದೆ.